ಉದ್ಧಾರವಾಗದವರ ಕಥೆ

ಡೊನಾಲ್ಡ್ ಗೋಯಿನ್ಸ್ ಎಂಬ ಕರಿಯ ಲೇಖಕನ ಹೆಸರನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿಯಲ್ಲಿ. 1984 ಇರಬೇಕು, ಎಂ.ಎ. ಓದುತ್ತಿದ್ದೆ. ಬೆನ್ನು ಕಿತ್ತುಹೋದ, ಹಳದಿ ತಿರುಗಿದ ಅಗ್ಗದ ಕಾಗದದ ಪುಸ್ತಕ, ಹೆಸರು 'ಡೋಪ್‌ಫೀಂಡ್'. ಅಂಗಡಿಯವನು ಎರಡು ರೂಪಾಯಿ ಅಂದ, ಒಂದೂವರೆಗೆ ಕೊಟ್ಟ. ಚಳವಳಿಯ ಹಾಡು ಹೇಳಿಕೊಂಡು ತಿರುಗುತ್ತಿದ್ದ ನಮ್ಮಂಥ ಹುಡುಗರು ಆಗ ಕರಿಯರ ಸಾಹಿತ್ಯ ಅಂದರೆ ಜೀವ ಬಿಡುತ್ತಿದ್ದೆವು. ರಿಚರ್ಡ್ ರೈಟ್, ಜೇಮ್ಸ್ ಬಾಲ್ಡ್‌ವಿನ್, ಲ್ಯಾಂಗ್‌ಸ್ಟನ್ ಹ್ಯೂಸ್ ಇವರ ಹೆಸರುಗಳು ನಮ್ಮ ಸಭೆಗಳಲ್ಲಿ ಬಾಬಾಸಾಹೇಬರ ಹೆಸರಿನ ಹಿಂದೆಯೇ ಬರುತ್ತಿದ್ದವು. ಅರ್ಧ ಓದಿ, ಅರ್ಧ ಕೇಳಿ, ಪೂರ್ತಿ ನಂಬಿದ್ದ ಕಾಲ ಅದು. ಆ ಹುಮ್ಮಸ್ಸಿನಲ್ಲಿ ಪುಸ್ತಕವನ್ನು ನಮ್ಮ ಗುಂಪಿನ ಹಿರಿಯ ಗೆಳೆಯರೊಬ್ಬರಿಗೆ ತೋರಿಸಿದೆ. ಅವರು ಹತ್ತು ಪುಟ ತಿರುವಿ, "ಇದನ್ನ ಯಾರಿಗೂ ತೋರಿಸ್ಬೇಡ ಕಣಯ್ಯ. ನಮ್ಮ ಜನಾನ ಬೈಯೋಕೆ ಮೇಲಿನೋರಿಗೆ ಇನ್ನೊಂದು ನೆಪ ಕೊಟ್ಟಂಗಾಗುತ್ತೆ" ಅಂದರು. ನಾನು ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಆ ಟ್ರಂಕಿನ ತಳದಲ್ಲಿ ನನ್ನ ಚಿಕ್ಕಪ್ಪನೂ ಇದ್ದ ಅನ್ನಬೇಕು. ನಮ್ಮದು ಗಿರಣಿಯೊಂದರ ಹಿಂಬದಿಯ ಕೇರಿ. ಮುಂದೆ ನಾನು ಕೇರಿಯ ಬಗ್ಗೆ ಬರೆದೆ. ಗಿರಣಿಯ ಸೈರನ್ನು, ಕೊಳಾಯಿಯ ಜಗಳ, ಕಾರ್ಪೊರೇಷನ್ನಿನ ಪೊರಕೆ ಹಿಡಿದ ನಮ್ಮಜ್ಜಿ, ತಮಟೆ, ಭಜನೆಮನೆ ಎಲ್ಲ ಬಂದವು, ಚಿಕ್ಕಪ್ಪ ಬರಲಿಲ್ಲ. ಯಾಕೆಂದರೆ ಆತ ಕಳ್ಳ. ಗೂಡ್ಸ್ ಶೆಡ್ಡಿನಿಂದ ತಾಮ್ರದ ತಂತಿ ಎತ್ತಿಕೊಂಡು ಹೋಗಿ ಗುಜರಿಗೆ ಹಾಕುತ್ತಿದ್ದ. ಎರಡು ಸಲ ಒಳಗೆ ಹೋಗಿಬಂದ. ಆಮೇಲೆ ಬಿಟ್ಟುಬಿಟ್ಟ, ಗಾರೆ ಕೆಲಸಕ್ಕೆ ಸೇರಿಕೊಂಡ. ಆದರೆ ಎಲ್ಲೇ ಬೀಗ ಮುರಿಯಲಿ, ರಾತ್ರಿ ಜೀಪು ನಿಲ್ಲುತ್ತಿದ್ದುದು ನಮ್ಮ ಮನೆ ಮುಂದೆ. ಠಾಣೆಯ ಕೆ.ಡಿ. ಪಟ್ಟಿಯಲ್ಲಿ ಅವನ ಹೆಸರಿತ್ತು. ನಮ್ಮಜ್ಜಿ ಅದನ್ನು 'ಕೇಡಿ' ಎಂದೇ ತಿಳಿದಿದ್ದಳು. "ಕೇಡು ಮಾಡ್ದೋನು ಕೇಡಿ. ಇವ್ನು ಯಾರಿಗ್ಲಾ ಕೇಡು ಮಾಡವ್ನೆ?" ಅಂತ ಪೇದೆಯನ್ನೇ ಕೇಳಿದ್ದಳು. ಪೇದೆಗೆ ಉತ್ತರ ಗೊತ್ತಿರಲಿಲ್ಲ, ಲಾಠಿ ಗೊತ್ತಿತ್ತು.

ಪುಸ್ತಕವನ್ನೂ ಮನುಷ್ಯನನ್ನೂ ಬಚ್ಚಿಟ್ಟ ಕಾರಣ ಒಂದೇ ಎಂಬುದು ನನಗೆ ಬಹಳ ವರ್ಷ ತಿಳಿಯಲಿಲ್ಲ. ಅಮೆರಿಕದ ಕರಿಯರ ಬೀದಿ ಕಾದಂಬರಿಗಳ ಚರಿತ್ರೆಯನ್ನು, ಅಂದರೆ ಕಳ್ಳರು, ತಲೆಹಿಡುಕರು, ಮಾದಕ ವಸ್ತು ಮಾರುವವರು ತಮ್ಮ ಕಥೆಯನ್ನು ತಾವೇ ಹೇಳಿಕೊಂಡ ಆ ಪರಂಪರೆಯನ್ನು, ಈಗ ಹಿಂದಿರುಗಿ ನೋಡುತ್ತಿರುವುದು ಆ ಕಾರಣಕ್ಕೆ.

ಈ ಚರಿತ್ರೆ ಪುಸ್ತಕದಂಗಡಿಯಿಂದ ಶುರುವಾಗುವುದಿಲ್ಲ, ಕಾನೂನಿನಿಂದ ಶುರುವಾಗುತ್ತದೆ. 1865ರ ಹದಿಮೂರನೇ ತಿದ್ದುಪಡಿ ಅಮೆರಿಕದಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತು. ಆದರೆ ಅದರೊಳಗೇ ಒಂದು ಕಿಂಡಿ ಬಿಟ್ಟಿತು: ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆ ನಡೆಯಬಹುದು. ದಕ್ಷಿಣದ ರಾಜ್ಯಗಳು ತಡಮಾಡಲಿಲ್ಲ. 1865, 66ರಲ್ಲಿಯೇ ಕರಿಯರಿಗಾಗಿ ಬೇರೆ ಕಾನೂನುಗಳನ್ನು ಮಾಡಿಕೊಂಡವು. ಕೈಯಲ್ಲಿ ಕೆಲಸವಿಲ್ಲದೆ ಓಡಾಡುವುದೇ ಅಪರಾಧ, ಅದಕ್ಕೆ ದಂಡ, ದಂಡ ಕಟ್ಟಲಾಗದವನು ಬಿಳಿ ಜಮೀನುದಾರನ ಹೊಲಕ್ಕೆ ಬಾಡಿಗೆ ಆಳು. ಕೈದಿಗಳನ್ನು ಗಣಿಗೂ ತೋಟಕ್ಕೂ ಗುತ್ತಿಗೆ ಕೊಡುವ ಪದ್ಧತಿ ಅಲಬಾಮ ರಾಜ್ಯದಲ್ಲಿ 1928ರವರೆಗೆ ನಡೆಯಿತು. ಬಿಡುಗಡೆಯಾದವನನ್ನು ಮತ್ತೆ ಹಿಡಿದು ಹಾಕಲು 'ಅಪರಾಧಿ' ಎಂಬ ಹೊಸ ಜಾತಿಯನ್ನೇ ಸೃಷ್ಟಿಸಿದ ಹಾಗಾಯಿತು.

ಅದಾದ ಆರು ವರ್ಷಕ್ಕೆ, 1871ರಲ್ಲಿ, ಬ್ರಿಟಿಷರು ನಮ್ಮಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಅಲ್ಲಿ ಕೆಲಸವಿಲ್ಲದವನು ಅಪರಾಧಿ. ಇಲ್ಲಿ ಹುಟ್ಟಿದವನೇ ಅಪರಾಧಿ. ಹುಬ್ಬಳ್ಳಿಯಲ್ಲಿ ಈಗಲೂ 'ಸೆಟ್ಲಮೆಂಟ್' ಎಂದರೆ ಜನಕ್ಕೆ ಗೊತ್ತು. ತಂತಿಬೇಲಿಯೊಳಗೆ ಕೂಡಿಹಾಕಿ ಹಾಜರಿ ಹಾಕಿಸಿಕೊಳ್ಳುತ್ತಿದ್ದ ಕಾಲದ ಹೆಸರು ಅದು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಪಟ್ಟಿ ಹೋಗಲಿಲ್ಲ, ಪಟ್ಟಿಯ ತಲೆಬರಹ ಹೋಯಿತು.

ಬೀದಿ ಕಾದಂಬರಿಯ ಹಿರಿಯಣ್ಣ ಎಂದರೆ ರೈಟ್‌ನ 'ನೇಟಿವ್ ಸನ್'. 1940ರಲ್ಲಿ ಬಂತು. ಅದರ ನಾಯಕ ಬಿಗ್ಗರ್ ಥಾಮಸ್ ಷಿಕಾಗೋದ ಇಲಿಬಿಲದಂಥ ಕೋಣೆಯಲ್ಲಿ ಬೆಳೆದವನು, ಕೊಲೆ ಮಾಡುತ್ತಾನೆ. ಪುಸ್ತಕವನ್ನು ಸದಸ್ಯರ ಮನೆಮನೆಗೆ ಕಳಿಸುತ್ತಿದ್ದ ಬುಕ್ ಕ್ಲಬ್ಬಿನವರು ಕೆಲವು ಭಾಗ ತೆಗೆದರೆ ಮಾತ್ರ ತಗೊಳ್ತೀವಿ ಅಂದರು. ರೈಟ್ ತೆಗೆದ. ಅವು ಪುಸ್ತಕಕ್ಕೆ ವಾಪಸ್ಸು ಬಂದದ್ದು 1991ರಲ್ಲಿ, ಅವನು ಸತ್ತು ಮೂವತ್ತು ವರ್ಷವಾದ ಮೇಲೆ. ಕರಿಯನ ಸಿಟ್ಟನ್ನು ಬಿಳಿಯ ಓದುಗ ಕುರ್ಚಿಯಲ್ಲಿ ಕೂತು ಓದಬಲ್ಲ. ಕರಿಯನ ಮೈಯನ್ನು ಓದಲಾರ.

ಚೆಸ್ಟರ್ ಹೈಮ್ಸ್‌ನದು ಇನ್ನೂ ವಿಚಿತ್ರವಾದ ದಾರಿ. 1928ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ದರೋಡೆಗಾಗಿ ಓಹಾಯೋ ಜೈಲು ಸೇರಿದ. ಬರೆಯುವುದನ್ನು ಕಲಿತದ್ದು ಅಲ್ಲೇ. 1930ರಲ್ಲಿ ಆ ಜೈಲಿಗೆ ಬೆಂಕಿ ಬಿದ್ದು ಮುನ್ನೂರಕ್ಕೂ ಹೆಚ್ಚು ಕೈದಿಗಳು ಬೀಗದೊಳಗೇ ಸುಟ್ಟುಹೋದರು. ಅದರ ಮೇಲೆ ಬರೆದ ಕಥೆ 1934ರಲ್ಲಿ 'ಎಸ್ಕ್ವೈರ್' ಪತ್ರಿಕೆಯಲ್ಲಿ ಬಂತು. 1936ರಲ್ಲಿ ಹೊರಬಂದ. ತನ್ನ ದೇಶದಲ್ಲಿ ಬರೆದು ಬದುಕಲಾಗದೆ 1953ರಲ್ಲಿ ಪ್ಯಾರಿಸ್ಸಿಗೆ ಹೋದ. ಅಲ್ಲಿನ ಪ್ರಕಾಶಕನೊಬ್ಬ ಪತ್ತೇದಾರಿ ಬರೆಯಲು ಹಚ್ಚಿದ. ಹಾರ್ಲೆಮ್ಮಿನ ಮೇಲೆ ಬರೆದ ಮೊದಲ ಪತ್ತೇದಾರಿಗೇ 1958ರಲ್ಲಿ ಫ್ರಾನ್ಸಿನ ದೊಡ್ಡ ಬಹುಮಾನ ಸಿಕ್ಕಿತು. ಕಾಫಿನ್ ಎಡ್, ಗ್ರೇವ್ ಡಿಗ್ಗರ್ ಎಂಬ ಇಬ್ಬರು ಕರಿಯ ಪೊಲೀಸರು ಅವನ ಪತ್ತೇದಾರರು. ಕಾನೂನಿಗೆ ನಿಯತ್ತಾಗಿರಬೇಕೋ ತಮ್ಮ ಜನಕ್ಕೋ ಎಂಬ ಇಕ್ಕಟ್ಟಿನಲ್ಲೇ ಆ ಇಬ್ಬರ ಆಯಸ್ಸು ಸವೆಯುತ್ತದೆ. 1969ರ 'ಬ್ಲೈಂಡ್ ಮ್ಯಾನ್ ವಿತ್ ಎ ಪಿಸ್ಟಲ್' ಎಂಬ ಕಾದಂಬರಿಗೆ ಬರುವ ಹೊತ್ತಿಗೆ ಪತ್ತೇದಾರಿಕೆಯೇ ಮುರಿದುಬೀಳುತ್ತದೆ. ಕೊಲೆಗಾರ ಸಿಗುವುದಿಲ್ಲ. ಇಡೀ ಹಾರ್ಲೆಮ್ ರೊಚ್ಚಿಗೆದ್ದಿರುವಾಗ ಗುನ್ನೆಗಾರ ಯಾರು ಅಂತ ಹುಡುಕುವುದು?

ನಮ್ಮ ಕೇರಿಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದು ಬಂದವನು ಗಟ್ಟಿಯಾಗಿ ಓದುವುದು, ಬಾರದವರು ಸುತ್ತ ಕೂತು ಕೇಳುವುದು ಇತ್ತು. ಚಿಕ್ಕಪ್ಪ ಪತ್ತೇದಾರ ಪುರುಷೋತ್ತಮ ಬರುವವರೆಗೆ ಕೇಳಿ, ಬಂದ ಮೇಲೆ ಎದ್ದುಹೋಗುತ್ತಿದ್ದ. "ಇನ್ನೇನೈತೆ, ಹಿಡೀತಾನೆ" ಅನ್ನುತ್ತಿದ್ದ. ಹೈಮ್ಸ್‌ನ ಕೊನೆಯ ಕಾದಂಬರಿಗಳನ್ನು ಓದುವಾಗ ಆ ಮಾತು ನೆನಪಾಗಿ ನಕ್ಕಿದ್ದೇನೆ.

ಇಷ್ಟು ಪೀಠಿಕೆ. ನಿಜವಾದ ಬೀದಿ ಪುಸ್ತಕಗಳು ಬಂದದ್ದು ಲಾಸ್ ಏಂಜಲಿಸ್‌ನ ವಾಟ್ಸ್ ಕೇರಿ ಹೊತ್ತಿ ಉರಿದ ಮೇಲೆ. 1965ರ ಆಗಸ್ಟಿನಲ್ಲಿ ಪೊಲೀಸರು ಕರಿಯ ಹುಡುಗನೊಬ್ಬನ ಗಾಡಿ ತಡೆದದ್ದರಿಂದ ಹತ್ತಿಕೊಂಡ ಬೆಂಕಿಯಲ್ಲಿ 34 ಜನ ಸತ್ತರು. ಅದೇ ಊರಿನಲ್ಲಿ ಹಾಲೊವೇ ಹೌಸ್ ಎಂಬ ಪ್ರಕಾಶನವಿತ್ತು. ಯಜಮಾನರು ಇಬ್ಬರೂ ಬಿಳಿಯರು, ಗಂಡಸರಿಗಾಗಿ ಅರೆಬೆತ್ತಲೆ ಚಿತ್ರಗಳ ಪತ್ರಿಕೆ ನಡೆಸುತ್ತಿದ್ದವರು. ಸುಟ್ಟ ಕೇರಿಯಲ್ಲಿ ಅವರಿಗೆ ಕಂಡದ್ದು ಓದುಗರು. ಈ ಜನರ ಕೈಗೆ ಅವರದೇ ಕಥೆ ಕೊಟ್ಟರೆ ಕೊಳ್ಳುತ್ತಾರೆ ಎಂಬ ಲೆಕ್ಕ ಸರಿಯಾಗಿತ್ತು. ಅವರ ಪುಸ್ತಕಗಳು ಪುಸ್ತಕದಂಗಡಿಗೆ ಹೋಗಲಿಲ್ಲ. ಹೆಂಡದಂಗಡಿ, ಕ್ಷೌರದಂಗಡಿ, ಬಸ್ ನಿಲ್ದಾಣಗಳಲ್ಲಿ ಮಾರಾಟವಾದವು. ಜೈಲುಗಳಲ್ಲಿ ಕೈಯಿಂದ ಕೈಗೆ ತಿರುಗಿದವು. ವಿಮರ್ಶೆ ಬರೆಯುವವರು ಆ ಕಡೆ ಹೋಗುವವರಲ್ಲ. ಹೀಗಾಗಿ ಲಕ್ಷಗಟ್ಟಲೆ ಜನ ಓದಿದ ಸಾಹಿತ್ಯವೊಂದು ಸಾಹಿತ್ಯಚರಿತ್ರೆಯಲ್ಲಿ ಇಲ್ಲವಾಯಿತು.

1967ರಲ್ಲಿ ಈ ಪ್ರಕಾಶನದಿಂದ 'ಪಿಂಪ್' ಬಂತು. ಬರೆದವನು ಐಸ್‌ಬರ್ಗ್ ಸ್ಲಿಮ್, ನಿಜನಾಮ ರಾಬರ್ಟ್ ಬೆಕ್. ಷಿಕಾಗೋದಲ್ಲಿ ಹುಟ್ಟಿದವನು, ಬುಕರ್ ವಾಷಿಂಗ್ಟನ್ ಕರಿಯರ ಏಳಿಗೆಗೆಂದು ಕಟ್ಟಿದ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ ಸ್ವಲ್ಪ ಕಾಲ ಓದಿ, ಕಳ್ಳಹೆಂಡ ಮಾರಿ ಅಲ್ಲಿಂದ ಹೊರಬಿದ್ದವನು. ಹೆಂಗಸರನ್ನು ಮಾರಿ ಬದುಕಿದ. ಜೈಲಿನ ಒಂಟಿ ಕೋಣೆಯಲ್ಲಿ ಹತ್ತು ತಿಂಗಳು ಕಳೆದು 1961ರಲ್ಲಿ ಹೊರಬಂದು ದಂಧೆ ಬಿಟ್ಟ. ತಿಗಣೆ, ಜಿರಲೆ ಕೊಲ್ಲುವ ಔಷಧಿ ಹೊಡೆಯುವ ಕೆಲಸ ಮಾಡಿಕೊಂಡಿದ್ದವನು ಕೂತು ಪುಸ್ತಕ ಬರೆದ. ಕರಿಯರ ಬೀದಿಯ ಮಾತು, ಒಗಟಿನಂಥ ಆ ಮಾತು, ಅದರಲ್ಲಿ ಮೈತುಂಬಿ ಬಂದಿದೆ. ಹಾಗೆಯೇ ಹೆಂಗಸರನ್ನು ಹೊಡೆಯುವ ದೃಶ್ಯಗಳೂ ತುಂಬಿವೆ. ಪಶ್ಚಾತ್ತಾಪ ಇದೆ ಅನ್ನುತ್ತಾರೆ, ಇದೆ. ಆದರೆ ಹೊಡೆದದ್ದನ್ನು ಹೇಳುವಾಗಿನ ರಭಸ ಪಶ್ಚಾತ್ತಾಪದ ಪುಟಗಳಲ್ಲಿಲ್ಲ. ಆ ಹೆಂಗಸರೂ ಕರಿಯರೇ, ಅದೇ ಕೇರಿಯವರೇ. ಗಂಡಸು ನಿಯತ್ತು ಅಂದಾಗೆಲ್ಲ ಅದರ ಬೆಲೆ ತೆತ್ತವರು ಇವರು.

ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹುಡುಗರು ಇದನ್ನು ಆಗಲೇ ಕಂಡಿದ್ದರು. ಓಕ್‌ಲೆಂಡಿನಲ್ಲಿ 1966ರಲ್ಲಿ ಹುಟ್ಟಿದ ಪಕ್ಷ ಅದು. ಸ್ಲಿಮ್‌ಗೆ ಅವರ ಮೇಲೆ ಬಹಳ ಗೌರವ. ಅವರನ್ನು ಕಂಡಾಗ ಅವರು ಮುಖ ಕಿವುಚಿದರು. ನಿನ್ನ ಜನರನ್ನೇ ಸುಲಿದವನು ನೀನು ಎಂಬ ತಿರಸ್ಕಾರ. ಅವರ ಸಿಟ್ಟು ಸರಿಯಾದ ಸಿಟ್ಟೇ. ಆದರೆ ಸುಲಿದವನು ಅವನೊಬ್ಬನೇ ಅಲ್ಲ. ಗೌರವಧನ ಸಾಲದು ಅಂತ ಸ್ಲಿಮ್ ಪ್ರಕಾಶಕರ ಮೇಲೆ ಗೊಣಗುತ್ತಲೇ ಇದ್ದ. ಅವನು 1992ರ ಏಪ್ರಿಲ್ ಕೊನೆಯಲ್ಲಿ ತೀರಿಕೊಂಡ. ಅದೇ ವಾರ, ರಾಡ್ನಿ ಕಿಂಗ್‌ನನ್ನು ಬಡಿದ ಪೊಲೀಸರನ್ನು ಕೋರ್ಟು ಬಿಟ್ಟಿದ್ದಕ್ಕೆ ಲಾಸ್ ಏಂಜಲಿಸ್ ಮತ್ತೊಮ್ಮೆ ಹೊತ್ತಿಕೊಂಡಿತು.

ಈಗ ನನ್ನ ಟ್ರಂಕಿನ ಲೇಖಕನಿಗೆ ಬರುತ್ತೇನೆ. ಡೊನಾಲ್ಡ್ ಗೋಯಿನ್ಸ್ ಡೆಟ್ರಾಯಿಟ್‌ನವನು, 1936ರಲ್ಲಿ ಹುಟ್ಟಿದ. ಮನೆಯವರು ಬಟ್ಟೆ ತೊಳೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡು ಅಷ್ಟಿಷ್ಟು ಅನುಕೂಲವಾಗಿದ್ದವರು. ವಯಸ್ಸು ಸುಳ್ಳು ಹೇಳಿ ವಾಯುಪಡೆ ಸೇರಿದ. ವಾಪಸ್ಸು ಬರುವಾಗ ಹೆರಾಯಿನ್ ಚಟ ಹೊತ್ತು ತಂದ. ಆಮೇಲೆ ಕಳವು, ದರೋಡೆ, ಜೈಲು. ಮೊದಮೊದಲು ಅವನು ಬರೆಯಲು ಹೊರಟಿದ್ದು ಕುದುರೆ ಸವಾರರ ಕೌಬಾಯ್ ಕಥೆಗಳನ್ನು! ಜ್ಯಾಕ್ಸನ್ ಜೈಲಿನಲ್ಲಿ ಸ್ಲಿಮ್‌ನ ಪುಸ್ತಕ ಕೈಗೆ ಸಿಕ್ಕ ಮೇಲೆ, ತನ್ನ ಬೀದಿಯನ್ನೂ ಬರೆಯಬಹುದು ಅಂತ ಗೊತ್ತಾಯಿತು. ಇದು ನಮಗೆ ಹೊಸ ಅನುಭವ ಅಲ್ಲ. ನಮ್ಮಲ್ಲಿ ಎಷ್ಟು ಜನ ಮೊದಲು ಚಂದ್ರ, ತಾವರೆ, ಕೋಗಿಲೆ ಬರೆದು ಕೈ ಸುಟ್ಟುಕೊಂಡಿಲ್ಲ?

1971ರಿಂದ 75ರವರೆಗೆ ಅವನ ಹದಿನಾರು ಕಾದಂಬರಿ ಬಂದವು. ಚಟಕ್ಕೆ ದುಡ್ಡು ಬೇಕು, ದುಡ್ಡಿಗೆ ಪುಸ್ತಕ ಬೇಕು, ಹಾಗೆ ಬರೆದ. ವಾಕ್ಯ ಒರಟು, ಎಷ್ಟೋ ಕಡೆ ಅವಸರ. ಆದರೆ ಅವನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಂತ್ಯಗಳು. 'ಡೋಪ್‌ಫೀಂಡ್'ನಲ್ಲಿ ಮಧ್ಯಮವರ್ಗದ ಹುಡುಗ ಹುಡುಗಿ ಚಟಕ್ಕೆ ಬಿದ್ದು ಹಾಳಾಗುತ್ತಾರೆ, ಅಷ್ಟೆ. ಯಾವ ಪಾದ್ರಿಯೂ ಬಂದು ಎತ್ತುವುದಿಲ್ಲ. 1973ರಲ್ಲಿ ಬಂದ ಜೈಲಿನ ಕಾದಂಬರಿಯ ಹೆಸರೇ ಬಿಳಿಯನ ನ್ಯಾಯ, ಕರಿಯನ ದುಃಖ ಎಂಬರ್ಥದ್ದು. ಅದಕ್ಕೆ ಅವನು ಬರೆದ ಮುನ್ನುಡಿ ಜಾಮೀನಿನ ವ್ಯವಸ್ಥೆಯ ಮೇಲೆ: ತಪ್ಪು ಸಾಬೀತಾಗದಿದ್ದರೂ ಕೈಯಲ್ಲಿ ಕಾಸಿಲ್ಲ ಎಂಬ ಒಂದೇ ಕಾರಣಕ್ಕೆ ಜನ ಒಳಗೆ ಕೊಳೆಯುತ್ತಾರೆ ಎಂಬ ಕೋಪ. ಕಾದಂಬರಿಗೆ ಇಂಥ ಮುನ್ನುಡಿ ಬರೆಯುವವನನ್ನು ಬರೀ ಮಸಾಲೆ ಲೇಖಕ ಅನ್ನುವುದು ಹೇಗೆ? ಅಲ್ ಸಿ. ಕ್ಲಾರ್ಕ್ ಎಂಬ ಗುಪ್ತನಾಮದಲ್ಲಿ ಅವನು ಕೆನ್ಯಾಟ ಎಂಬ ನಾಯಕನ ನಾಲ್ಕು ಕಾದಂಬರಿ ಬರೆದ. ಕೀನ್ಯಾ ದೇಶದ ಜೋಮೋ ಕೆನ್ಯಾಟನ ಹೆಸರು ಅದು. ಈ ನಾಯಕ ಗ್ಯಾಂಗು ಕಟ್ಟಿ ಕೇರಿಯಿಂದ ಮಾದಕ ವಸ್ತು ಮಾರುವವರನ್ನೂ ಕರಿಯರನ್ನು ಕೊಲ್ಲುವ ಪೊಲೀಸರನ್ನೂ ತೆಗೆಯಲು ಹೊರಡುತ್ತಾನೆ. ಕೊನೆಗೆ ಅವನೂ ಸಾಯುತ್ತಾನೆ. 1974ರ ಅಕ್ಟೋಬರ್ 21ರ ರಾತ್ರಿ ಗೋಯಿನ್ಸ್‌ನನ್ನೂ ಅವನ ಸಂಗಾತಿಯನ್ನೂ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕಿನ ಮನೆಯಲ್ಲೇ ಗುಂಡಿಟ್ಟು ಕೊಂದರು. ಕೊಂದವರು ಸಿಗಲಿಲ್ಲ.

ಉದ್ಧಾರ ಎಂಬ ಪದವನ್ನು ಇಲ್ಲಿ ಸ್ವಲ್ಪ ಹಿಡಿದು ನೋಡಬೇಕು. ಹರಿಜನೋದ್ಧಾರ ಎಂಬ ಮಾತು ಕೇಳಿ ಬೆಳೆದ ನಮಗೆ ಈ ಪದದ ಭಾರ ಗೊತ್ತು. ಉದ್ಧಾರ ಮಾಡುವವನು ಮೇಲೆ ನಿಂತಿರುತ್ತಾನೆ. ಇನ್ನು ಉದ್ಧಾರವಾಗುವವನು? ಅವನೂ ಒಂದು ಕಾಲಕ್ಕೆ ಮೇಲಿದ್ದು ಜಾರಿಬಿದ್ದವನಾಗಿರಬೇಕು. ಆಗಲೇ ಕಥೆಗೆ ಕಳೆ. 1995ರ 'ಓಂ' ಸಿನಿಮಾ ನೆನಪು ಮಾಡಿಕೊಳ್ಳಿ. ಬೆಂಗಳೂರಿನ ರೌಡಿಗಳನ್ನೇ ತೆರೆಯ ಮೇಲೆ ತಂದ ಆ ಸಿನಿಮಾದ ನಾಯಕ ಅರ್ಚಕರ ಮಗ. ನಮ್ಮ ಕೇರಿಯ ಹುಡುಗರು ಶಿಳ್ಳೆ ಹೊಡೆದು ನೋಡಿದರು, ನಾನೂ ನೋಡಿದೆ, ಮೆಚ್ಚಿದೆ. ಆದರೆ ಜನಿವಾರದವನ ಕೈಗೆ ಲಾಂಗು ಬಂದರೆ ಅದು ದುರಂತ, ನಮ್ಮವನ ಕೈಗೆ ಬಂದರೆ ಅದು ಸ್ವಭಾವ. ಅವನಿಗೆ ಮರಳಿ ಹೋಗಲು ಒಂದು ಮನೆ, ಮಂತ್ರ, ತಂದೆಯ ಕ್ಷಮೆ ಇದೆ. ಚಿಕ್ಕಪ್ಪ ಗಾರೆ ಕೆಲಸಕ್ಕೆ ಮರಳಿದ. ಆದರೂ ಜೀಪು ಬಂತು. ಗೋಯಿನ್ಸ್‌ನ ಕ್ರೂರವಾದ ಅಂತ್ಯಗಳನ್ನು ನಾನು ಈ ಅರ್ಥದಲ್ಲಿ ಓದುತ್ತೇನೆ. ಹುಟ್ಟಿನಿಂದಲೇ ಪಟ್ಟಿಯಲ್ಲಿರುವವನಿಗೆ ಮರಳಿ ಸೇರಲು ಯಾವ ನಿರ್ಮಲ ಸ್ಥಿತಿಯನ್ನೂ ಸಮಾಜ ಉಳಿಸಿಲ್ಲ. ಇದೆ ಅಂತ ಬರೆದರೆ ಅದು ಓದುಗನಿಗೆ ಹೇಳುವ ಸುಳ್ಳು.

ನಿಯತ್ತಿನ ಕಥೆಯನ್ನೂ ಕಾನೂನೇ ಬರೆಯಿತು. 1986ರಲ್ಲಿ ಅಮೆರಿಕ ತಂದ ಮಾದಕ ವಸ್ತು ಕಾಯ್ದೆಯಲ್ಲಿ ಐದು ವರ್ಷದ ಕಡ್ಡಾಯ ಜೈಲಿಗೆ ಪುಡಿ ಕೊಕೇನ್ ಆದರೆ 500 ಗ್ರಾಂ ಇರಬೇಕು. ಅದನ್ನೇ ಕಾಯಿಸಿ ಗಟ್ಟಿ ಮಾಡಿದ, ಕರಿಯರ ಬೀದಿಗಳಲ್ಲಿ ಬಿಕರಿಯಾಗುತ್ತಿದ್ದ ಕ್ರ್ಯಾಕ್ ಆದರೆ 5 ಗ್ರಾಂ ಸಾಕು. ನೂರಕ್ಕೆ ಒಂದು. 2010ರಲ್ಲಿ ಇದನ್ನು ಹದಿನೆಂಟಕ್ಕೆ ಒಂದು ಮಾಡಿದರು, ಸಮ ಮಾಡಲಿಲ್ಲ. ಈ ಕಡ್ಡಾಯ ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ದೊಡ್ಡ ದಾರಿ ಒಂದೇ: ಸರ್ಕಾರಕ್ಕೆ ನೆರವಾಗು, ಅಂದರೆ ಬೇರೆಯವರ ಹೆಸರು ಹೇಳು. ಹೇಳಲು ಹೆಸರುಗಳಿದ್ದವನು, ಅಂದರೆ ದಂಧೆಯಲ್ಲಿ ಮೇಲಿದ್ದವನು, ಉಳಿದುಕೊಂಡ. ಅವನ ಹೆಂಡತಿಯೋ ಗೆಳತಿಯೋ, ಏನೂ ಗೊತ್ತಿಲ್ಲದವಳು, ಪೂರ್ತಿ ಶಿಕ್ಷೆ ಹೊತ್ತಳು. ಬೀದಿ ಕಾದಂಬರಿಗಳಲ್ಲಿ ಪದೇಪದೇ ಬರುವ ಬಾತ್ಮೀದಾರ, ಬೆನ್ನಿಗೆ ಚೂರಿ ಹಾಕುವ ಗೆಳೆಯ, ಮಾಫಿ ಸಾಕ್ಷಿ, ಇವೆಲ್ಲ ಲೇಖಕರ ಕಲ್ಪನಾದಾರಿದ್ರ್ಯ ಅಂತ ವಿಮರ್ಶಕರು ಬರೆದರೆ, ಆ ವಿಮರ್ಶಕರು ಕಾಯ್ದೆ ಓದಿಲ್ಲ ಎಂದರ್ಥ.

1999ರಲ್ಲಿ ಹೆಂಗಸರು ಈ ಕಥನವನ್ನು ಕೈಗೆತ್ತಿಕೊಂಡರು. ಸಿಸ್ಟರ್ ಸೋಲ್ಜಾಳ 'ದಿ ಕೋಲ್ಡೆಸ್ಟ್ ವಿಂಟರ್ ಎವರ್' ಆ ವರ್ಷ ಬಂತು. ಬ್ರೂಕ್ಲಿನ್ನಿನ ಮಾದಕ ವಸ್ತು ದೊರೆಯೊಬ್ಬನ ಮಗಳ ಕಥೆ. ಅವಳು ಕೊನೆಗೆ ಹದಿನೈದು ವರ್ಷದ ಶಿಕ್ಷೆ ಹೊತ್ತು ಜೈಲಿನಲ್ಲಿ ಕೂರುತ್ತಾಳೆ. ಲೇಖಕಿಯೇ ತನ್ನ ಹೆಸರಿನಲ್ಲೇ ಪಾತ್ರವಾಗಿ ಬಂದು ಬುದ್ಧಿ ಹೇಳುತ್ತಾಳೆ. ಆ ಭಾಗ ನನಗೆ ಸಪ್ಪೆ. ಆದರೆ ಹುಡುಗಿ ಆ ಬುದ್ಧಿಮಾತನ್ನು ಕೇಳುವುದಿಲ್ಲ ಎಂಬುದರಲ್ಲಿ ಕಾದಂಬರಿಯ ಪ್ರಾಮಾಣಿಕತೆ ಇದೆ. ಟೆರಿ ವುಡ್ಸ್ ತನ್ನ ಪುಸ್ತಕವನ್ನು ತಾನೇ ಅಚ್ಚು ಹಾಕಿಸಿ ಕಾರಿನ ಡಿಕ್ಕಿಯಲ್ಲಿಟ್ಟು ಮಾರಿದಳು. ವಿಕಿ ಸ್ಟ್ರಿಂಜರ್ ಜೈಲಿನಲ್ಲಿ ಬರೆದ ಕಾದಂಬರಿಯನ್ನು ಯಾವ ಪ್ರಕಾಶಕರೂ ತಗೊಳ್ಳದೆ, ತಾನೇ ಪ್ರಕಾಶನ ಶುರುಮಾಡಿ ಇತರರದನ್ನೂ ಅಚ್ಚು ಮಾಡಿದಳು. ಹಾಲೊವೇ ಹೌಸಿನ ಕಾಲಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇದು: ಕಾಸು ಯಾರ ಜೇಬಿಗೆ ಎಂಬುದು.

ಆದರೂ ಮುಜುಗರ ಹೋಗಲಿಲ್ಲ. 2006ರಲ್ಲಿ ನಿಕ್ ಚೈಲ್ಸ್ ಎಂಬ ಕರಿಯ ಲೇಖಕನೇ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದ. ಪುಸ್ತಕದಂಗಡಿಯ ಕರಿಯ ಸಾಹಿತ್ಯದ ಕಪಾಟಿನಲ್ಲಿ ಇವೇ ತುಂಬಿಕೊಂಡು ತನ್ನ ಪುಸ್ತಕಗಳೂ ಇವುಗಳ ನಡುವೆ ಕೂತದ್ದು ಕಂಡು ನಾಚಿಕೆಯಾಯಿತು ಅಂತ. ಅದನ್ನು ಓದಿದಾಗ ನನಗೆ ಕೇಳಿಸಿದ್ದು ನಮ್ಮ ಹಿರಿಯ ಗೆಳೆಯರ ದನಿ. ನಾಚಿಕೆಯಲ್ಲಿ ನ್ಯಾಯವೇ ಇಲ್ಲ ಅಂತಲ್ಲ. ಮೇಲಿನವರು ಕಾದು ಕೂತಿರುವಾಗ ಮನೆಯ ಕೊಳೆ ಬೀದಿಗೆ ಹಾಕಬೇಡ ಅನ್ನುವುದು ಸ್ವರಕ್ಷಣೆಯ ಮಾತು.

ಮರಾಠಿಯವರು ಈ ನಾಚಿಕೆಯನ್ನು ನಮಗಿಂತ ಮೊದಲು ದಾಟಿದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ಅಮೆರಿಕದ ಪ್ಯಾಂಥರರಿಂದ ಹೆಸರು ಪಡೆಯಿತು; ಅದನ್ನು ಕಟ್ಟಿದವರಲ್ಲೊಬ್ಬನಾದ ನಾಮದೇವ ಢಸಾಳ ಟ್ಯಾಕ್ಸಿ ಓಡಿಸುತ್ತಿದ್ದವನು. ಅದೇ ಆಸುಪಾಸಿನಲ್ಲಿ ಬಂದ ಅವನ ಮೊದಲ ಕವನಸಂಗ್ರಹಕ್ಕೆ ಸೂಳೆಗೇರಿಯೊಂದರ ಹೆಸರು: 'ಗೋಲ್‌ಪೀಠಾ'. ಗೋಯಿನ್ಸ್‌ನನ್ನು ಅವನು ಓದಿದ್ದನೆಂದು ನಾನು ಹೇಳುತ್ತಿಲ್ಲ. ತಲೆಹಿಡುಕನನ್ನೂ ಕಳ್ಳನನ್ನೂ ಕರೆದು ಕೂರಿಸಿಕೊಳ್ಳಲು ಇಬ್ಬರಿಗೂ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅದಕ್ಕೂ ಮೊದಲು, 1963ರಲ್ಲಿ, ಬಾಬುರಾವ್ ಬಾಗುಲರ ಕಥೆ ಬಂದಿತ್ತು. ರೈಲ್ವೆ ಕೆಲಸಕ್ಕೆ ಪರಊರಿಗೆ ಹೋದ ಹುಡುಗ ಜಾತಿ ಮುಚ್ಚಿಟ್ಟು ಬಾಡಿಗೆ ಮನೆ ಹಿಡಿಯುತ್ತಾನೆ, ಗೊತ್ತಾದ ದಿನ ಒದೆ ತಿನ್ನುತ್ತಾನೆ. ಮುಚ್ಚಿಟ್ಟೆ ಅನ್ನುವುದಕ್ಕೆ ಆ ಕಥೆಯ ಶೀರ್ಷಿಕೆ ಬಳಸುವ ಮರಾಠಿ ಕ್ರಿಯಾಪದಕ್ಕೆ ಕದ್ದೆ ಎಂಬ ಅರ್ಥವೂ ಇದೆ. ಜಾತಿ ಕದ್ದಾಗ! ನಮ್ಮ ಮೊದಲ ಕಳವಿನ ಕೇಸು ಅದೇ. ನನ್ನ ಲೇಖನದಲ್ಲಿ ಚಿಕ್ಕಪ್ಪನನ್ನು ಕದ್ದದ್ದೂ ಅದರ ಲೆಕ್ಕಕ್ಕೇ ಸೇರುತ್ತದೆ.

ಚಿಕ್ಕಪ್ಪ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಕೊನೆಯ ದಿನಗಳಲ್ಲಿ ಒಂದು ಮಳೆಗಾಲದ ಸಂಜೆ ಅವನ ಪಕ್ಕ ಕೂತು ಗೋಯಿನ್ಸ್‌ನ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಬೀಡಿ ಸೇದುತ್ತಾ ಕೇಳಿದ. ಕೊಂದವರು ಸಿಕ್ಕಿದ್ರಾ ಅಂದ. ಇಲ್ಲ ಅಂದೆ. ಸುಮ್ಮನಾದ. ಜಾಮೀನಿನ ಮುನ್ನುಡಿಯ ವಿಷಯ ಬಂದಾಗ ಎದ್ದು ಕೂತ. ಎರಡನೇ ಸಲ ಒಳಗೆ ಹೋದಾಗ ಆರ್ಡರ್ ಆಗಿದ್ದರೂ ಜಾಮೀನು ನಿಲ್ಲುವವರಿಲ್ಲದೆ ನಾಲ್ಕು ತಿಂಗಳು ಒಳಗೇ ಇದ್ದವನು ಅವನು. ಶ್ಯೂರಿಟಿ ನಿಲ್ಲುವವನ ಹೆಸರಿನಲ್ಲಿ ಜಮೀನು ಇರಬೇಕು, ಪಹಣಿ ತೋರಿಸಬೇಕು. ನಮ್ಮ ಇಡೀ ಕೇರಿಯಲ್ಲಿ ಒಂದು ಪಹಣಿ ಇರಲಿಲ್ಲ.

"ಅಲ್ಲೂ ಪಹಣಿ ಕೇಳ್ತಾರಾ ಮಗ?" ಅಂದ.

"ಇಲ್ಲ ಚಿಕ್ಕಪ್ಪ, ಅಲ್ಲಿ ದುಡ್ಡು ಕಟ್ಟು ಅಂತಾರೆ."

"ಅದೇ ವಾಸಿ ಬಿಡು. ದುಡ್ಡಾದ್ರೆ ಎಲ್ಲಾದ್ರೂ ಕದ್ಕಂಡು ಬರ್ಬೋದು. ಪಹಣೀನ ಎಲ್ಲಿ ಕದಿಯಾಣ?"